ಹನುಮಪ್ಪನ ಬಾಲವೂ ನನ್ನ ಮೂರು ದಿನದ ಬಿಡಾರವೂ

ಮುಂಜಾನೆ ಜೋಳ ಹಸನು ಮಾಡುತ್ತಾ ಕೂತಿದ್ದೆ. ಆದೋನಿಯ ಹತ್ತಿ ಜಿನ್ನಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಪೇಪರು ಹಿಡಿದು ಬಂದು ಸುದ್ದಿ ಹೇಳಿದರು.

"ಕೇಳಿಲ್ಲಿ. ದೂರದ ಯಾವದೋ ಊರಾಗ ಒಬ್ಬ ಸಾಹುಕಾರ ಚಿತ್ರ ಬರಿಯೋರಿಗೆ ಒಂದು ತಿಂಗಳು ಬಂಗಲೆ ಬಿಟ್ಟುಕೊಡ್ತಾನಂತ. ಹೊತ್ತಿಗೆ ಸರಿಯಾಗಿ ಊಟ. ಯಾರೂ ಹೋಗಿ ಮಾತಾಡಿಸಂಗಿಲ್ಲಂತ."

"ಯಾರೂ ಅಂದ್ರ, ಅತ್ತೀನೂ?" ಎಂದೆ.

"ಅವರ ಅತ್ತೀ ಸುದ್ದಿ ಪೇಪರಿನಾಗ ಬಂದಿಲ್ಲ."

ನನ್ನ ಕೈ ಮೊರದಲ್ಲೇ ನಿಂತಿತು. ಹಿಂದಿನ ವರ್ಷ ಇವರಿಗೆ ವಿಷಮಜ್ವರ ಬಂದು ಎಲ್ಲರೂ ಆಸೆ ಬಿಟ್ಟಾಗ, ಮುಂದಿನ ಶ್ರಾವಣದ ಕಡೆಯ ಶನಿವಾರದೊಳಗೆ ಓಣಿಯ ಹನುಮಪ್ಪನ ಗುಡಿ ಬಾಗಿಲಿಗೆ ಗಾಜಿನ ಮಣಿಯ ತೋರಣ ಪೋಣಿಸಿ ಕಟ್ಟುತ್ತೇನೆಂದು ಹರಕೆ ಹೊತ್ತಿದ್ದೆ. ಸ್ವಾಮಿ ತನ್ನ ಪಾಲಿನ ಕೆಲಸವನ್ನು ಇಪ್ಪತ್ತೊಂದನೆಯ ದಿನಕ್ಕೇ ಮುಗಿಸಿಕೊಟ್ಟ. ನನ್ನ ಪಾಲಿನದು ಉಳಿದೇ ಇತ್ತು. ಮಣಿಯಲ್ಲಿ ಅರ್ಧ ಮೂಡಿದ ತೋರಣದ ಹನುಮಪ್ಪ ಕೈಯಲ್ಲಿ ಗುಡ್ಡ ಹಿಡಿದು, ಕಾಲಿಲ್ಲದೆ ಹನ್ನೊಂದು ತಿಂಗಳಿಂದ ಹಾರುತ್ತಿದ್ದ. ಕಡೆಯ ಶನಿವಾರಕ್ಕೆ ಇನ್ನು ಹತ್ತೇ ದಿನ. ಬಂಗಲೆ ಯಾರೂ ಕೊಡದಿದ್ದರೆ ನಾನೇ ಮಾಡಿಕೊಂಡರಾಯಿತು ಎಂದುಕೊಂಡೆ. ಎಷ್ಟು ಸುಲಭ!

ಮೊದಲ ಬಂಗಲೆ ನಮ್ಮ ಮಾಳಿಗೆ. ಹತ್ತಿ ಕೂತೆನೋ ಇಲ್ಲವೋ, ಕೆಳಗಿಂದ ಅತ್ತೆಯವರ ದನಿ: "ಹೆಂಗೂ ಮ್ಯಾಲ ಅದೀಯಲ್ಲ, ಬ್ಯಾಳಿ ಒಣಹಾಕೀನಿ, ಕಾಗಿ ನೋಡ್ಕೋ." ಆಚೀಚೆ ಮಾಳಿಗೆಯವರೂ ತಮ್ಮ ಕಾಳುಕಡಿ ನನಗೇ ಒಪ್ಪಿಸಿ ಇಳಿದುಹೋದರು. ಆ ದಿನ ಕಾಗೆ ಓಡಿಸಿದ್ದಷ್ಟೇ ನನ್ನ ಕಲಾಸೇವೆ.

ಎರಡನೆಯದು ರೈಲ್ವೆ ಸ್ಟೇಷನ್ನಿನ ಹೆಂಗಸರ ಕೋಣೆ. ಒಂದು ಮೊಣಕಾಲು ಪೋಣಿಸುವಷ್ಟರಲ್ಲಿ ಪರಿಚಯದವರೊಬ್ಬರು ಇಣುಕಿ ಹೋದರು. ನಾನು ಅತ್ತೆಯ ಕೂಡ ಜಗಳಾಡಿ ತವರುಮನೆ ನಾಗಲದಿನ್ನೆಗೆ ಹೊರಟೆನೆಂದು ಸಂಜೆಗೆಲ್ಲ ಓಣಿಗೆ ತಿಳಿದಿತ್ತು. ನಾಗಲದಿನ್ನೆಗೆ ರೈಲೇ ಇಲ್ಲವೆಂದು ಯಾರಿಗೂ ಹೊಳೆಯಲಿಲ್ಲ. "ನಾನೇನು ಅಂದೆ ನಿನಗ?" ಎಂದು ಅತ್ತೆಯವರು ಕಣ್ಣೀರಿಟ್ಟರು.

ಮಂಗಳವಾರ ಬಂತು. ಆಗ ನೆನಪಾಯಿತು, ಅಂಥ ಬಂಗಲೆ ನಮ್ಮಲ್ಲೇ ಇದೆಯಲ್ಲ! ತಿಂಗಳಿಗೆ ಮೂರು ದಿನ, ದನದ ಕೊಟ್ಟಿಗೆಯ ಮೂಲೆ. ಒಲೆ ಮುಟ್ಟುವಂತಿಲ್ಲ, ನೀರು ಸೇದುವಂತಿಲ್ಲ, ಊಟ ದೂರದಿಂದ ಬಡಿಸುತ್ತಾರೆ.

"ಅತ್ತೀ, ನಾನು ಹೊರಗಾದೆ."

"ಇಷ್ಟು ಲಗೂನ?"

"ಉಷ್ಣ."

ಹನುಮಪ್ಪಾ, ನಿನ್ನ ಕೆಲಸಕ್ಕೇ ಈ ಸುಳ್ಳು, ನೀನೇ ನೋಡಿಕೋ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಕೊಟ್ಟಿಗೆ ನಮಗೂ ಪಕ್ಕದ ಮನೆಗೂ ಸೇರಿದ್ದು. ಪಕ್ಕದ ಮನೆಯ ತಿಪ್ಪಮ್ಮ ಅಂದೇ ಮುಂಜಾನೆ ನಿಜವಾಗಿಯೇ ಹೊರಗಾಗಿ ಅಲ್ಲಿ ಕೂತಿದ್ದಳು. "ರಾ ಅಕ್ಕಾ, ರಾ. ಒಬ್ಬಾಕಿಗೇ ಬ್ಯಾಸರಾಗಿತ್ತು. ದೇವರೇ ನಿನ್ನ ಕಳಿಸ್ಯಾನ ಚೂಡು," ಎಂದಳು ತನ್ನ ತೆಲುಗು ಬೆರೆತ ಕನ್ನಡದಲ್ಲಿ.

ಮೂರು ದಿನ ಆಕೆ ಬಾಯಿ ಮುಚ್ಚಲಿಲ್ಲ. ನಡುನಡುವೆ ಅಡುಗೆಮನೆಯಿಂದ ಅತ್ತೆ: "ರುಕ್ಕಮ್ಮಾ, ಇಂಗು ಎಲ್ಲಿಟ್ಟೀ? ಬ್ಯಾಳಿ ಎಷ್ಟು ಹಾಕ್ಲಿ?" ಆದರೂ ಹನುಮಪ್ಪನಿಗೆ ಕಾಲು ಬಂದವು. ಗುರುವಾರ ಸಂಜೆ ಬಾಲವೊಂದು ಉಳಿದಿತ್ತು, ನನ್ನ ಕಣ್ಣು ಮಂಜಾಗಿತ್ತು. ತಿಪ್ಪಮ್ಮ ಮಾತಾಡುತ್ತಲೇ ಮಣಿಬುಟ್ಟಿ ಎಳೆದುಕೊಂಡು ಬಾಲ ಪೋಣಿಸಿ ಮುಗಿಸಿಬಿಟ್ಟಳು.

ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಂದು ಅತ್ತೆಯವರ ಮುಂದೆ ತೋರಣ ಹಾಸಿದೆ.

"ಛಲೋ ಆಗೇತಿ. ಯಾವಾಗ ಮಾಡಿದಿ?"

"ಕೊಟ್ಟಿಗ್ಯಾಗ ಕೂತಾಗ," ಎಂದೆ ಹೆಮ್ಮೆಯಿಂದ. ಹೇಳಿದ ಮೇಲೆ ಏನು ಹೇಳಿದೆನೆಂದು ನನಗೇ ಕೇಳಿಸಿತು.

ಅತ್ತೆ ಕೈ ಹಿಂದಕ್ಕೆ ತೆಗೆದರು. "ಮೈಲಿಗಿ ದಾರ. ಇದನ್ನ ಹನುಮಪ್ಪಗ ಕಟ್ತೀ ಏನು?"

ಬೇರೆ ದಾರಿಯಿಲ್ಲದೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಮೈಲಿಗಿ ಆದ್ರ ನೀರಾಗ ಹೋಗತೈತಿ. ಸುಳ್ಳು ಯಾವ ನೀರಾಗ ಹೋಗತೈತಿ, ರುಕ್ಕಮ್ಮಾ? ಇರ್ಲಿ, ಅದನ್ನ ನೀನು ಹನುಮಪ್ಪ ನೋಡ್ಕೋರಿ. ಈ ಬಾಲ ನಿನ್ನ ಕೈದಲ್ಲ. ಯಾರದು?"

"ತಿಪ್ಪಮ್ಮಂದು."

"ಆಕಿಗೂ ಉಷ್ಣ ಏನು?"

ಮುಟ್ಟಿದ ಮೈಲಿಗೆ ನೀರಿಗೆ ಹೋದೀತು, ಪೋಣಿಸಿದ್ದು ಹೋಗದೆಂದು, ಬಾಲ ಕತ್ತರಿಸಿ, ಉಳಿದದ್ದನ್ನು ನೀರು ಚಿಮುಕಿಸಿ ಕಟ್ಟುವುದೆಂದು ತೀರ್ಮಾನವಾಯಿತು. ಇವರು ಬಂದು ನೋಡಿ, "ಬಾಲಿಲ್ದಿದ್ರ ಯಾರೋ ಹಮಾಲ ಹತ್ತಿ ಅಂಡಿಗಿ ಹೊತ್ತಂಗ ಕಾಣ್ತಾನ," ಎಂದರು. ನಾನು ಕತ್ತರಿ ಹಾಕಿದೆ. ತಿಪ್ಪಮ್ಮ ಕೊನೆಯ ಗಂಟು ಹಾಕಿದ್ದು ಬಾಲದ ತುದಿಗೆ. ಇಡೀ ಕೆಲಸ ಆ ಗಂಟಿನ ಮೇಲೆ ನಿಂತಿತ್ತು. ಮೊದಲು ಕಾಲು, ಆಮೇಲೆ ಎದೆ, ಕಡೆಗೆ ಗುಡ್ಡವೂ ಸರಸರನೆ ಹರಿವಾಣದೊಳಗೆ ಸುರಿದವು.

ಶನಿವಾರ ಗುಡಿ ಬಾಗಿಲಿಗೆ ಮಾವಿನೆಲೆ ಕಟ್ಟಿದರು. ನಾನು ಕೈಮುಗಿದು ಒಂದು ವರ್ಷ ವಾಯಿದೆ ಕೇಳಿದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಇವರು ಒಮ್ಮೆ ಕೆಮ್ಮಿದರು. ಮತ್ತೆ ಜ್ವರವೇನೋ ಎಂದು ತಿರುಗಿ ಮುಖ ನೋಡಿದೆ. ಧೂಪದ ಹೊಗೆಗೆ ಕೆಮ್ಮಿದೆ ಎಂದರು. ಧೂಪದ್ದೇ ಇರಲಿ ಸ್ವಾಮಿ ಎಂದುಕೊಂಡೆ. ಮಣಿ ಒಂದೂ ಕಳೆದಿರಲಿಲ್ಲ, ಅದೊಂದು ಪುಣ್ಯ.

ಮನೆಗೆ ಬಂದರೆ ಅತ್ತೆಯವರು ಮೂರು ದಿನದಲ್ಲಿ ತಳ ಹತ್ತಿಸಿದ ಪಾತ್ರೆಗಳೆಲ್ಲ ಬಚ್ಚಲಲ್ಲಿ ಕಾದಿದ್ದವು. ಬೂದಿ, ನಾರು ಹಿಡಿದು ತಿಕ್ಕುತ್ತಾ ಕೂತೆ. ಎಷ್ಟು ಹೊತ್ತಾದರೂ ಒಬ್ಬರೂ ಕರೆಯಲಿಲ್ಲ, ಒಬ್ಬರೂ ಅತ್ತ ಸುಳಿಯಲಿಲ್ಲ. ಪಾತ್ರೆ ತಿಕ್ಕುವವಳನ್ನು ಈ ಲೋಕದಲ್ಲಿ ಯಾರೂ ಮಾತಾಡಿಸುವುದಿಲ್ಲವೆಂದು ಆಗ ತಿಳಿಯಿತು. ಆದರೆ ಮಣಿ ಹಿಡಿಯಬೇಕಾದ ಎರಡೂ ಕೈ ಬೂದಿ.