ಮಾವನವರ ಜೀಪಿನ ಸೈಲೆನ್ಸರ್

ಗಾಬರಿಯಾಗಬೇಕಾದರೆ ಒಂದು ಕಾರಣ ಬೇಕು ಎನ್ನುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ವಿಷಯದಲ್ಲಿ ಗಾಬರಿ ಮೊದಲು ಬಂದು ಕೂತಿರುತ್ತದೆ, ಕಾರಣ ಆಮೇಲೆ ನಿಧಾನಕ್ಕೆ ಬರುತ್ತದೆ. ಫೋನ್ ಬಂದರೆ ಯಾರಿಗೆ ಏನಾಯಿತೋ ಎಂದು ಗಾಬರಿ. ಬರದಿದ್ದರೆ ಫೋನಿಗೇ ಏನಾಯಿತೋ ಎಂದು ಗಾಬರಿ. ಉಕ್ಕೀತು ಎಂಬ ಭಯಕ್ಕೆ ಹಾಲು ಕಾಯುವ ಮೊದಲೇ ಒಲೆ ಆರಿಸಿ, ಹಸಿ ವಾಸನೆಯ ಚಹಾ ಕೊಟ್ಟು ಬೈಸಿಕೊಂಡವಳು ನಾನು. ಇಂಥವಳ ಕೈಗೆ ಹಳೇ ಜೀಪಿನ ಸ್ಟೀರಿಂಗ್ ಕೊಟ್ಟಿದ್ದಾನಲ್ಲ, ಆ ದೇವರಿಗೂ ತಮಾಷೆ ನೋಡುವ ಚಟವಿರಬೇಕು.

ಜೀಪು ನನ್ನದಲ್ಲ, ಮಾವನವರದ್ದು. ಸಂಡೂರಿನ ಕಡೆ ಒಂದು ಗಣಿಯಲ್ಲಿ ಡ್ರೈವರ್ ಆಗಿದ್ದಾಗ ಅವರೇ ಓಡಿಸಿದ ಗಾಡಿ. ಗಣಿಯವರು ಅದನ್ನು ಹರಾಜಿಗೆ ಹಾಕಿದಾಗ, "ನನ್ನ ಗಾಡಿ ಕಂಡೋರ ಪಾಲಾಗೋದು ಬ್ಯಾಡ" ಎಂದು ತಾವೇ ಹಿಡಿದು, ಹಂಪಿ ಪಕ್ಕದ ಕಡ್ಡಿರಾಂಪುರದ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದರು. ಎಷ್ಟು ತೊಳೆದರೂ ಅದರ ಸಂದುಗೊಂದಿಯಿಂದ ಇವತ್ತಿಗೂ ಕೆಂಪು ಧೂಳು ಉದುರುತ್ತದೆ. ಆ ಮನೆಯ ಹಿಂಭಾಗದಲ್ಲೇ ನಾವು ಸಣ್ಣ ಹೋಂಸ್ಟೇ ನಡೆಸುತ್ತೇವೆ. ಅತಿಥಿಗಳನ್ನು ಹೊಸಪೇಟೆ ಸ್ಟೇಷನ್ನಿನಿಂದ ಕರೆತರುವುದಕ್ಕೂ, ಹಳ್ಳ ದಾಟಿಸಿ ಬಂಡೆಗಳ ನಡುವೆ ಸುತ್ತಾಡಿಸುವುದಕ್ಕೂ ಇದೊಂದೇ ಗಾಡಿ. ಮಾವನವರಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಸ್ಟೀರಿಂಗ್ ನನ್ನ ಪಾಲಿಗೆ ಬಂತು. ನಮ್ಮ ಮನೆಯವರಿಗೆ ಸ್ಕೂಟರನ್ನು ಸಂಭಾಳಿಸುವುದೇ ಹೆಚ್ಚು.

ಈ ಜೀಪಿನ ಸದ್ದಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಗಾಡಿ ಊರಿಗೆ ಇನ್ನೂ ಅಷ್ಟು ದೂರ ಇರುವಾಗಲೇ ಅತ್ತೆ ರೊಟ್ಟಿಯ ಹಂಚು ಒಲೆಗೆ ಇಡುತ್ತಿದ್ದರು. ಒಳಗೆ ಕೂತವರಂತೂ ಒಬ್ಬರ ಮಾತು ಒಬ್ಬರಿಗೆ ಕೇಳಿಸಿದ್ದೇ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಜೀಪು ಹತ್ತಿದ ಕೂಡಲೇ ಎಲ್ಲರೂ ಬಾಯಿಮಾತು ಬಿಟ್ಟು ಕೈಸನ್ನೆಗೆ ಇಳಿಯುತ್ತೇವೆ. ಅಂಗೈ ಕೆಳಗೆ ಒತ್ತಿದರೆ ನಿಧಾನ, ಡ್ಯಾಶ್‌ಬೋರ್ಡಿಗೆ ಕುಟ್ಟಿದರೆ ನಿಲ್ಲಿಸು, ಹೆಬ್ಬೆರಳು ಬಾಯಿಗೆ ಹೋದರೆ ಚಹಾ, ಕಿವಿಗೆ ಬೆರಳಿಟ್ಟು ಅಲ್ಲಾಡಿಸಿದರೆ 'ಏನೂ ಕೇಳಿಸುತ್ತಿಲ್ಲ'. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡರೆ ಅದು ನಮ್ಮ ಮನೆಯವರು. ಒಮ್ಮೆ ಕಂಪ್ಲಿಯಲ್ಲಿ ಮದುವೆ ಊಟಕ್ಕೆ ಕೂತಾಗ, ಜೀಪಿನಿಂದ ಆಗಷ್ಟೇ ಇಳಿದಿದ್ದ ನಾವು ಅದೇ ಗುಂಗಿನಲ್ಲಿ ಕೈಯಲ್ಲೇ ಸಾರು, ಅನ್ನ ಕೇಳಿದೆವು. ಬಡಿಸುವವರು ಪಾಪ, ಮೂಕರ ಮನೆತನವೆಂದು ತಿಳಿದು ಒಂದೊಂದು ಹೋಳಿಗೆ ಹೆಚ್ಚಿಗೆ ಹಾಕಿದರು. ಮಾವನವರು ಮಾತ್ರ ನನ್ನ ಪಕ್ಕದಲ್ಲಿ ಕೂತರೆ ಸಾಕು, ಇಳಿಯುವವರೆಗೂ ತುಟಿ ಆಡಿಸುತ್ತಲೇ ಇರುತ್ತಿದ್ದರು. ಪಂಚಾಕ್ಷರಿ ಜಪ. ಸೊಸೆ ಕ್ಷೇಮವಾಗಿ ಗಾಡಿ ಹೊಡೆಯಲಿ ಎಂದು ಹಿರಿಯ ಜೀವ ದೇವರನ್ನು ನೆನೆಯುತ್ತಿದೆಯಲ್ಲ ಎಂದು ನನ್ನ ಕಣ್ಣು ಎಷ್ಟೋ ಸಲ ತುಂಬಿ ಬಂದಿದೆ.

ಮಾವನವರಿಗೆ ತಮ್ಮ ಕಿವಿಯ ಮೇಲೆ ಬಹಳ ಅಭಿಮಾನ. "ಕಣ್ಣು ಹೋದ್ರ ಹೋಗ್ಲಿ, ಕಿವಿ ಐತಲ್ಲ. ಗಾಡಿ ಸಪ್ಪಳ ಕೇಳಿ ಅದಕ್ಕ ಎಲ್ಲಿ ನೋವು ಅಂತ ಹೇಳ್ತೀನಿ" ಎನ್ನುತ್ತಿದ್ದರು, ಹೇಳುತ್ತಲೂ ಇದ್ದರು. ಆ ಸದ್ದೇ ಗಾಡಿಯ ದನಿ, ಅದಕ್ಕೆ ಯಾರೂ ಕೈ ಹಚ್ಚಕೂಡದು ಎಂಬುದು ಮನೆಯ ಕಾನೂನು. ಆದರೆ ಸೈಲೆನ್ಸರ್ ತೂತು ಬಿದ್ದು, ತೂತಿಗೆ ಡಾಲ್ಡಾ ಡಬ್ಬದ ತಗಡು ಸುತ್ತಿ, ಆ ತಗಡೂ ತೂತು ಬಿದ್ದು, ಹೊಗೆ ಸೀಟಿನ ಕೆಳಗಿನಿಂದ ಒಳಗೇ ಬರತೊಡಗಿತ್ತು. ಬಿಳಿ ಬಟ್ಟೆ ತೊಟ್ಟು ಹತ್ತಿದ ಅತಿಥಿಗಳು ಹಂಪಿ ಮುಟ್ಟುವಷ್ಟರಲ್ಲಿ ಕೆಮ್ಮುತ್ತಾ ಇಳಿಯುತ್ತಿದ್ದರು. ಹೊಗೆ ತಲೆಗೇರಿ ಇವರಲ್ಲಿ ಯಾರಾದರೂ ಎಚ್ಚರ ತಪ್ಪಿದರೆ ಗತಿಯೇನು ಎಂದು ನಾನು ಕನ್ನಡಿಯಲ್ಲಿ ಅವರ ಕಣ್ಣು ತೆರೆದಿವೆಯೇ ಎಂದು ನೋಡುತ್ತಾ ಗಾಡಿ ಹೊಡೆಯುತ್ತಿದ್ದೆ.

ಮಾವನವರು ಸಂಡೂರಿನ ಆಚೆಯ ದೋಣಿಮಲೈಯಲ್ಲಿರುವ ಮಗಳ ಕ್ವಾರ್ಟರ್ಸಿಗೆ ಹೋಗಿದ್ದ ಸಮಯ ನೋಡಿಯೇ ಆ ಸೈಲೆನ್ಸರ್ ಪ್ರಾಣ ಬಿಟ್ಟಿತು. ರೈಲ್ವೆ ಗೇಟು ತೆರೆದು ಹಳಿ ದಾಟುವಾಗ ಧಡ್ ಎಂದು ಕಳಚಿಬಿತ್ತು. ಹಿಂದಿನ ಆಟೋದವನು ಇಳಿದು, "ಅಕ್ಕಾರ, ನಿಮ್ಮ ಗಾಡಿ ಅರ್ಧ ಇಲ್ಲೇ ಬಿತ್ತು ನೋಡ್ರಿ" ಎಂದು ಕೂಗಿದ. ಅದನ್ನು ತಂತಿಯಲ್ಲಿ ಬಿಗಿದು, ಹೊಸಪೇಟೆಯ ಮೆಕ್ಯಾನಿಕ್ ದಾದಾಪೀರ್ ಬಳಿ ತಲುಪಿಸುವ ಹೊತ್ತಿಗೆ ನನ್ನ ಅರ್ಧ ಜೀವ ಹೋಗಿತ್ತು. ಮುರಿದದ್ದಷ್ಟನ್ನೇ ಹಾಕಿಸುವುದು ನನ್ನ ಉದ್ದೇಶ. ದಾದಾಪೀರ್ ಹಾಗೆ ಬಿಡುವ ಪೈಕಿಯಲ್ಲ. "ಬರೇ ಸೈಲೆನ್ಸರ್ ಯಾಕ್ರಿ ಅಕ್ಕಾರ? ಎಂಜಿನ್ನಿಂದ ಹಿಡದು ಬಾಲದ ತನಕ ಪೂರ್ತಿ ಲೈನ್ ಹೊಸಾದು ಹಾಕೂಣು. ದಪ್ಪ ಪೈಪ್ ಹಾಕಿದ್ರ ಏರಿನ್ಯಾಗ ಮಸ್ತ್ ಎಳೀತೈತಿ. ತುದಿ ಮ್ಯಾಲಕ್ಕ ಎತ್ತಿಬಿಡ್ತೀನಿ, ಹಳ್ಳದಾಗ ಇಳಿದ್ರೂ ನೀರು ಹೋಗಂಗಿಲ್ಲ" ಎಂದ. "ಸಪ್ಪಳ?" ಎಂದೆ. "ಸಪ್ಪಳಾನೇ ಇರಂಗಿಲ್ರಿ!" ಎಂದು ಹೆಮ್ಮೆಯಿಂದ ಹೇಳಿದ. ಮಾವನವರ ಕಾನೂನು ನೆನಪಾಯಿತು. "ಸ್ವಲ್ಪ ಇಟ್ಟಿರ್ರಿ" ಎಂದು ಬೇಡಿಕೊಂಡೆ. ಅವನು ನನ್ನನ್ನು ನೋಡಿದ ರೀತಿ, ಹಲ್ಲು ಕೀಳಿಸಲು ಬಂದು ನೋವು ಮಾತ್ರ ಇರಲಿ ಎಂದವಳನ್ನು ನೋಡಿದಂತಿತ್ತು.

ಕೆಲಸ ಮುಗಿಸಿ ಕೀಲಿ ಕೊಟ್ಟ. ಗಾಡಿ ಚಾಲೂ ಮಾಡಿದೆ. ಬಾನೆಟ್ಟಿನೊಳಗೆ ಗುಟುಗುಟು ಎಂದಿತಷ್ಟೆ, ಹಿಂದಿನಿಂದ ಚಕಾರವಿಲ್ಲ. ಇಷ್ಟು ವರ್ಷ ಸದ್ದಾಗುತ್ತಿದೆ ಎಂದರೆ ಗಾಡಿ ಬದುಕಿದೆ ಎಂದು ನಂಬಿದ್ದವಳು, ಈಗ ಎಲ್ಲಿ ನಿಂತೇ ಹೋಯಿತೋ ಎಂದು ಗಳಿಗೆಗೊಮ್ಮೆ ಆಕ್ಸಿಲರೇಟರ್ ತುಳಿದು ನೋಡಿದೆ. ಸಾಲದ್ದಕ್ಕೆ ಆ ಸದ್ದಿನಡಿ ಅಡಗಿದ್ದ ಬಾಗಿಲ ಕಟಕಟ, ಸ್ಟೆಪ್ನಿಯ ಕೀಚಲು, ಹೆಸರಿಲ್ಲದ ನೂರೆಂಟು ನರಳಾಟ ಒಟ್ಟಿಗೇ ಹೊರಗೆ ಬಂದವು. ಮರುದಿನ ಹಿಂದಿನ ಸೀಟಿನಲ್ಲಿ ಅತಿಥಿಯೊಬ್ಬರು ಹೆಂಡತಿಗೆ "ಬೆಳಗಿನ ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲ" ಎಂದದ್ದೂ ಸ್ಪಷ್ಟವಾಗಿ ಕೇಳಿಸಿತು.

ಅಷ್ಟರಲ್ಲಿ ಮಾವನವರ ಫೋನು: "ನಾಳೆ ಬಂದು ಕರ್ಕೊಂಡು ಹೋಗವಾ." ಹೇಗೆ ಹೇಳಬೇಕೆಂದು ದೋಣಿಮಲೈವರೆಗೂ ಬಾಯಿಪಾಠ ಮಾಡಿಕೊಂಡು ಹೋದೆ. ಹೋಗಿ ಮಾಡಿದ್ದೇನು? ಎತ್ತಿದ ಪೈಪು ಕಾಣದಿರಲೆಂದು ಗಾಡಿಯ ಹಿಂಭಾಗವನ್ನು ಕ್ವಾರ್ಟರ್ಸಿನ ಕಾಂಪೌಂಡ್ ಗೋಡೆಗೆ ಒತ್ತಿ ನಿಲ್ಲಿಸಿದೆ. ಒಳಗೆ ನಾದಿನಿಯ ಜೊತೆ ಊಟ ಮಾಡಿ, ನಕ್ಕು, ಚಹಾ ಕುಡಿದು, ಮಾತೆತ್ತಲಿಲ್ಲ. ಮಾವನವರು ಚೀಲ ಹಿಡಿದು ಮುಂದಿನ ಸೀಟು ಹತ್ತಿದರು. ನಾನು ಕೀಲಿ ತಿರುಗಿಸಿದೆ. ಅವರು ಒಮ್ಮೆ ಎದುರಿನ ಗಾಜನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನನ್ನ ಕೈ ತಾನಾಗಿಯೇ ಎದ್ದು 'ಹೊರಡೋಣವೇ' ಎಂದು ಸನ್ನೆ ಮಾಡಿತು. ಅವರೂ ಕೈಯಲ್ಲೇ 'ನಡಿ' ಎಂದರು.

ಘಟ್ಟ ಇಳಿಯುವಾಗ ಅವರ ಕಡೆ ಓರೆಗಣ್ಣಿನಲ್ಲಿ ನೋಡಿದೆ. ತುಟಿ ಅಲ್ಲಾಡುತ್ತಿಲ್ಲ. ಜಪವೂ ಇಲ್ಲ! ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಕಿವಿಗೆ ಬೆರಳಿಟ್ಟು ಅಲ್ಲಾಡಿಸಿದರು. 'ಏನೂ ಕೇಳಿಸುತ್ತಿಲ್ಲ.' ಸಿಕ್ಕಿಬಿದ್ದೆ ಎಂದುಕೊಂಡೆ. ಗಾಡಿಯ ದನಿ ಎಲ್ಲಿ ಎಂದು ಕೇಳುತ್ತಿದ್ದಾರೆ! ನೋಡದವಳಂತೆ ಸ್ಟೀರಿಂಗ್ ಹಿಡಿದು ಕೂತೆ. ಅವರು ಇನ್ನೊಂದು ಕಿವಿಗೂ ಬೆರಳಿಟ್ಟರು. ಒಂದು ತಿರುವು ದಾಟಿದ ಮೇಲೆ ಡ್ಯಾಶ್‌ಬೋರ್ಡಿಗೆ ಕುಟ್ಟಿದರು. ಗಾಡಿ ನಿಲ್ಲಿಸಿ, ಬಂದ್ ಮಾಡಿದೆ.

ಬೈಗುಳ ಬರುತ್ತದೆಂದು ತಲೆ ತಗ್ಗಿಸಿದವಳಿಗೆ ಕೇಳಿಸಿದ್ದು ಬೇರೆಯೇ ದನಿ. "ಮನ್ಯಾಗ ಯಾರಿಗೂ ಹೇಳಬ್ಯಾಡವಾ. ನನ್ನ ಕಿವಿ ಹೋದ್ವು" ಎಂದರು. "ಗಾಡಿ ಸಪ್ಪಳ ಬಾವ್ಯಾಗಿಂದ ಬಂದಂಗ ಬರ್ತೈತಿ. ನಮ್ಮ ಗಣಿಯಾಗ ಡ್ರಿಲ್ಲಿಂಗ್ ಮಂದಿಗೆ ಹಿಂಗ ಆಗ್ತಿತ್ತು, ದಪ್ಪ ಸಪ್ಪಳ ಮೊದಲು ಹೋಗ್ತಾವ ಅಂತಿದ್ರು. ನಿನ್ನೆ ತನಕ ನೆಟ್ಟಗಿದ್ವು ನೋಡು. ಮೊದಲು ಕಣ್ಣು, ಈಗ ಇದು. ಹೊಸಪೇಟ್ಯಾಗ ಯಾರರ ಕಿವಿ ಡಾಕ್ಟರ್ ಇದ್ರ ಹಂಗೇ ಹೋಗಿಬಿಡೂಣು." ಇಷ್ಟು ಹೇಳುವಷ್ಟರಲ್ಲಿ ಅವರ ಕೈ ಟವೆಲನ್ನು ಹಿಂಡಿ ಹಿಂಡಿ ಹಗ್ಗ ಮಾಡಿತ್ತು. ಗಣಿಯ ಘಟ್ಟಗಳಲ್ಲಿ ಹೆದರದೆ ಗಾಡಿ ಹೊಡೆದ ಮನುಷ್ಯ ಅಷ್ಟು ಹೆದರಿದ್ದನ್ನು ನಾನು ಕಂಡೇ ಇರಲಿಲ್ಲ. ನಿಜ ಹೇಳುತ್ತೇನೆ, ಹಾಗಾದರೆ ನನ್ನ ಗುಟ್ಟು ಉಳಿಯಿತು ಎಂಬ ಸಮಾಧಾನ ಒಂದು ಕ್ಷಣ ತಲೆಯಲ್ಲಿ ಸುಳಿಯಿತು. ಮರುಕ್ಷಣ ನನ್ನ ಮೇಲೆ ನನಗೇ ಹೇಸಿಗೆಯಾಗಿ, ಬಾಯಿಪಾಠ ಮಾಡಿದ್ದೆಲ್ಲ ಮರೆತು ಕಿರುಚಿಬಿಟ್ಟೆ: "ಕಿವಿ ಅಲ್ರಿ ಮಾವಾರ! ಸೈಲೆನ್ಸರ್ರು! ನಾನೇ ಹೊಸಾದು ಹಾಕಿಸೀನಿ!"

"ಯಾಕ ಹಂಗ ಒದರ್ತಿ? ನನಗೇನ್ ಕಿವಿ ಇಲ್ಲೇನು?" ಎಂದರು. ಎಂದ ಮೇಲೆ ತಾವೇ ಆಡಿದ ಮಾತು ಏನೆಂದು ತಮಗೆ ಹೊಳೆಯಿತು. ಇಳಿದು ಹಿಂದೆ ಹೋಗಿ, ಮೇಲಕ್ಕೆತ್ತಿದ ಪೈಪನ್ನು ಬಗ್ಗಿ ನೋಡಿದರು, ಎದ್ದು ನೋಡಿದರು, ಟವೆಲಿನಿಂದ ಮುಟ್ಟಿ ನೋಡಿದರು. "ಅಲಲಾ ಇವಳ! ನಂದು ಕತಿ ಮುಗೀತು ಅನ್ಕೊಂಡಿದ್ನಲ್ಲೇ!" ಎಂದು ನಗತೊಡಗಿದವರಿಗೆ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ದೇವರು ದೊಡ್ಡವನು, ಬೈಗುಳ ತಪ್ಪಿತು ಎಂದುಕೊಂಡು ಗಾಡಿ ಚಾಲೂ ಮಾಡಿದೆ.

ಸಂಡೂರು ಇನ್ನೂ ಬಂದಿರಲಿಲ್ಲ, ಮಾವನವರ ತುಟಿ ಎಂದಿನಂತೆ ಆಡತೊಡಗಿತು. ಜಪ ಶುರುವಾಯಿತಲ್ಲ ಎಂದು ಮನಸ್ಸು ಹಗುರಾಯಿತು. ಕಿವಿಗೊಟ್ಟೆ. "ಕ್ಲಚ್ಚಿನ ಮ್ಯಾಲಿಂದ ಕಾಲು ತೆಗಿ. ತಿರುವಿನ್ಯಾಗ ಯಾರರ ಹಿಂಗ ಬ್ರೇಕ್ ಹಿಡೀತಾರೇನು? ಗೇರ್ ಹಾಕು... ಅದಲ್ಲ. ಯಪ್ಪಾ ಶಿವನೇ, ಎಮ್ಮಿ ಹೊಡದಂಗ ಹೊಡೀತಾಳ."

"ಮಾವಾರ," ಎಂದೆ ಮೆಲ್ಲಗೆ, "ಗಾಡಿ ಹತ್ತಿದ ಕೂಡ್ಲೇ ನೀವು ಜಪ ಮಾಡ್ತಿದ್ರಲ್ರಿ?"

"ಯಾವ ಜಪ?" ಎಂದವರು ನನ್ನ ಕಡೆ ತಿರುಗಿ ಕೂತರು. "ಅಂದ್ರ ಇಷ್ಟು ವರ್ಷ ಹೇಳಿದ್ದು ಒಂದೂ ನಿನ್ನ ಕಿವಿಗೆ ಬಿದ್ದಿಲ್ಲ? ಹೇಳಿದ್ರೂ ತಿದ್ಕೊಳ್ಳಂಗಿಲ್ಲ, ಭಾಳ ಹಟಮಾರಿ ಅಂತ ನಾ ತಿಳ್ಕೊಂಡಿದ್ದೆ. ಪಾಪ, ನಿಂದೇನ್ ತಪ್ಪಿಲ್ಲ ಬಿಡು. ಊರು ಇನ್ನೂ ಭಾಳ ದೂರ ಐತಿ. ಮೊದಲಿಂದ ಹೇಳ್ತೀನಿ, ಕೇಳು."

ನನ್ನ ಕೈ ಸ್ಟೀರಿಂಗ್ ಬಿಟ್ಟು ತಾನಾಗಿಯೇ ಮೇಲೆದ್ದಿತು. ಕಿವಿಗೆ ಬೆರಳಿಟ್ಟು ಜೋರಾಗಿ ಅಲ್ಲಾಡಿಸಿದೆ.

"ಎರಡೂ ಕೈ ಸ್ಟೀರಿಂಗ್ ಮ್ಯಾಲಿರ್ಲಿ," ಎಂದರು ಮಾವನವರು. "ಅದೇ ಮೊದಲನೇದು."