ಉಪ್ಪಿನಕಾಯಿ ಭರಣಿಗೆ ಸೀಲ್ ಹಾಕಿದ ಮಾವ

ಲೋಕದಲ್ಲಿ ಕಳ್ಳ ಅಣುಬಾಂಬ್ ಆಗದಂತೆ ಕಾದವರಲ್ಲಿ ನನ್ನ ಸೋದರಮಾವನೂ ಒಬ್ಬರು ಎಂದರೆ ನೀವು ನಗುತ್ತೀರಿ. ನಗಿ, ನಮ್ಮೂರು ಬಲ್ಮಠದಲ್ಲಿ ಎಲ್ಲರೂ ನಗುತ್ತಿದ್ದರು. ಆದರೆ ಮಾತು ಪೂರ್ತಿ ಸುಳ್ಳಲ್ಲ. ಮಾವ ಉತ್ತರದ ಕಡೆಯ ಒಂದು ಅಣು ವಿದ್ಯುತ್ ಸ್ಥಾವರದಲ್ಲಿದ್ದರು. ಬಳಸಿ ಮುಗಿದ ಇಂಧನವನ್ನು ಅಲ್ಲಿ ನೀರಿನ ಕೊಳದಲ್ಲಿ ಮುಳುಗಿಸಿ ಇಡುತ್ತಾರೆ. ಬಾಂಬಿಗೆ ಬೇಕಾದದ್ದನ್ನು ಅದರಿಂದ ತೆಗೆಯಬಹುದು, ಹಾಗಾಗಿ ಅದನ್ನು ಯಾರೂ ಗುಟ್ಟಾಗಿ ಸಾಗಿಸಬಾರದೆಂದು ಮೇಲೊಂದು ಸೀಲ್ ಮಾಡಿದ ಪೆಟ್ಟಿಗೆ, ಅದರೊಳಗೆ ಕ್ಯಾಮರಾ. ಯಾರೂ ಇಲ್ಲದಾಗಲೂ ಅದು ಸ್ವಲ್ಪ ಹೊತ್ತಿಗೊಮ್ಮೆ ತನ್ನಷ್ಟಕ್ಕೆ ಕ್ಲಿಕ್ ಎನ್ನುತ್ತದೆ. ವಿದೇಶದ ಅಧಿಕಾರಿಗಳು ಬಂದು ಸೀಲ್ ಪರೀಕ್ಷಿಸಿ ರೀಲ್ ಒಯ್ಯುವಾಗ ಜೊತೆಗೆ ನಿಲ್ಲುವುದು ಮಾವನ ಕೆಲಸ.

ಎಂಬತ್ತರ ದಶಕದ ಆರಂಭದಲ್ಲಿ ನಿವೃತ್ತರಾಗಿ ಊರಿಗೆ ಬಂದರು. ಕೊಳ ಅಲ್ಲೇ ಉಳಿಯಿತು, ಅಭ್ಯಾಸ ಜೊತೆಗೆ ಬಂತು. ಮೊದಲು ಉಪ್ಪಿನಕಾಯಿ ಭರಣಿಗೆ ತಂತಿ ಸುತ್ತಿ ಸೀಸದ ಸೀಲ್ ಒತ್ತಿದರು. ಅತ್ತೆ ಮಧ್ಯಾಹ್ನವೇ ಅದನ್ನು ಕತ್ತರಿಯಿಂದ ಕಡಿದರು.

"ಸೀಲ್ ಇರುವುದು ತಡೆಯಲಿಕ್ಕಲ್ಲ, ಕಡಿದದ್ದು ಗೊತ್ತಾಗಲಿಕ್ಕೆ" ಎಂದರು ಮಾವ, ಗಂಭೀರವಾಗಿ.

"ಗೊತ್ತಾಯಿತಲ್ಲ? ಇನ್ನು ಊಟಕ್ಕೆ ಬನ್ನಿ" ಎಂದರು ಅತ್ತೆ.

ಆಮೇಲೆ ಹಳೆಯ ಸಿನಿಮಾ ಕ್ಯಾಮರಾಕ್ಕೆ ಗಡಿಯಾರದ ಯಂತ್ರ ಜೋಡಿಸಿ ಅಡುಗೆಮನೆಯ ಮಾಡಿಗೆ ಬಿಗಿದರು. ಹುರಿದ ಬಂಗುಡೆ ಮೀನು ಕಾಣೆಯಾಗುತ್ತಿತ್ತು. ಬೆಕ್ಕೋ, ಅದೇ ಮನೆಯಲ್ಲಿದ್ದ ನಾನೋ ಎಂದು ಮಾವನಿಗೆ ಸಂಶಯ. ರೀಲ್ ಬೊಂಬಾಯಿಗೆ ಹೋಗಿ ತೊಳೆದು ಬರುವಷ್ಟರಲ್ಲಿ ಮಳೆಗಾಲ ಹಿಡಿದು ದೋಣಿಗಳು ದಡ ಸೇರಿದ್ದವು. ಊರಲ್ಲೇ ಬಂಗುಡೆ ಇರಲಿಲ್ಲ! ಗೋಡೆಯ ಮೇಲೆ ರೀಲ್ ಬಿಟ್ಟು ನೋಡಿದೆವು. ಎಣ್ಣೆಯದ್ದು ಮುಟ್ಟಬೇಡಿ ಎಂದು ಡಾಕ್ಟರಿಂದ ಹೇಳಿಸಿಕೊಂಡಿದ್ದ ಮಾವನೇ ಒಂದು ಚಿತ್ರದಲ್ಲಿ ಬಾಣಲೆಯ ಹತ್ತಿರ. ಮುಂದಿನದರಲ್ಲಿ ಬಾಯಿ ತುಂಬ ಮೀನು.

"ಯಂತ್ರಕ್ಕೆ ಪಕ್ಷಪಾತ ಇಲ್ಲ ನೋಡು" ಎಂದರು, ಹೆಮ್ಮೆಯಿಂದಲೇ.

ಆ ವರ್ಷವೇ ಅಜ್ಜಿಗೆ, ಅಂದರೆ ಮಾವನ ತಾಯಿಗೆ, ಮರೆವು ಹೆಚ್ಚಾಯಿತು. ಎದುರು ಬಾಗಿಲು ದಾಟಿ ಎಲ್ಲಾದರೂ ಹೋಗಿಬಿಟ್ಟಾರೆಂದು ನಮಗೆ ಹೆದರಿಕೆ. ಮಾವ ಕ್ಯಾಮರಾವನ್ನು ಅಲ್ಲಿಗೆ ತಿರುಗಿಸಿ ನಿಶ್ಚಿಂತರಾದರು. ಒಂದು ಮಧ್ಯಾಹ್ನ ಅಜ್ಜಿ ಕಾಣಲಿಲ್ಲ. ಎಷ್ಟು ಹೊತ್ತಿಗೆ, ಯಾವ ಕಡೆಗೆ ಹೋದರೆಂಬುದೆಲ್ಲ ರೀಲಿನಲ್ಲಿತ್ತು. ತೊಳೆಯಬೇಕಾದರೆ ಬೊಂಬಾಯಿಗೇ ಹೋಗಬೇಕು!

ಹುಡುಕಿ ಹುಡುಕಿ, ಸಂಜೆ ಕೊಡಿಯಾಲ್‌ಬೈಲಿನ ಬಸ್ಸುಗಳ ನಡುವೆ ಬರಿಗಾಲಲ್ಲಿ ನಿಂತಿದ್ದ ಅಜ್ಜಿಯನ್ನು ಮಾವನೇ ಕರೆತಂದರು. ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಅದನ್ನು ತೊಳೆದು ಬಟ್ಟೆ ಕಟ್ಟಿದ ಮೇಲೆ, ಏಣಿ ಹತ್ತಿ ಕ್ಯಾಮರಾ ಬಿಚ್ಚಿ, ಬಾಗಿಲ ಬಳಿ ಒಂದು ಕುರ್ಚಿ ಹಾಕಿದರು.

"ಎಂತ ಮಾವ, ಕ್ಯಾಮರಾ ಬೇಡವಾ?" ಎಂದೆ.

"ಅದು ನೋಡ್ತದೆ ಮಾರಾಯ್ತಿ. ಓಡಿ ಹೋಗಿ ಕೈ ಹಿಡಿಯುವುದಿಲ್ಲ."

ಅಂದಿನಿಂದ ಮಾವ ಅಲ್ಲೇ ಕೂತರು. ಅಜ್ಜಿಗೆ ಮಗನ ಗುರುತೂ ತಪ್ಪಿದ ಮೇಲೆ ಒಂದು ದಿನ ಎದುರು ನಿಂತು ಕೇಳಿದರು: "ನೀವು ಯಾರು? ಯಾಕೆ ಇಲ್ಲಿ ಕೂತದ್ದು?"

ಮಾವ ಎದ್ದರು. "ನೀವು ಹೊರಟರೆ ಜೊತೆಗೆ ಬರಲಿಕ್ಕೆ" ಎಂದು, ಬಗ್ಗಿ ಅಜ್ಜಿಯ ಕಾಲಿಗೆ ಚಪ್ಪಲಿ ಹಾಕಿದರು.