ಹದಿನೆಂಟು ದಿನಗಳ ನೀಲಿ

ತನಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ಗೊತ್ತಾದ ದಿನ ಬೀದಿಗೆಲ್ಲ ಮೈಸೂರು ಪಾಕು ಹಂಚಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದೇನು ಬಂತು, ಅವರ ಮನೆಯಲ್ಲೇ ಮೂರು ವರ್ಷ ಉಂಡಿದ್ದೇನೆ. ಅವರು ನನ್ನ ಸೋದರಮಾವ. ಇದು ಎಪ್ಪತ್ತರ ದಶಕದ ಮಾತು. ಆಗ ವಿಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಿ.ಎಸ್ಸಿ. ಮುಗಿಸಿ ಅಲ್ಲೊಂದು ಶಾಲೆಯಲ್ಲಿ ಟೀಚರಮ್ಮನಾಗಿ ಸೇರಿದ್ದ ನಾನು ಮಾವ–ಅತ್ತೆಯ ಮನೆಯಲ್ಲಿ ಇದ್ದೆ.

"ಕಾಯಿಲೆ ಬಂದಿದ್ದಕ್ಕೆ ಯಾರಾದ್ರೂ ಸ್ವೀಟ್ ಹಂಚ್ತಾರೇನ್ರೀ?" ಎಂದು ಅತ್ತೆ ಹಣೆ ಚಚ್ಚಿಕೊಂಡರು.

"ನಿನಗೇನೇ ಗೊತ್ತು? ನಮ್ಮ ಆಫೀಸಲ್ಲಿ ಈ ಕಾಯಿಲೆ ಇದ್ದಿದ್ದು ಇಬ್ಬರಿಗೇ. ಒಬ್ಬರು ಸೂಪರಿಂಟೆಂಡೆಂಟು, ಇನ್ನೊಬ್ಬರು ಚೀಫ್ ಇಂಜಿನಿಯರ್ರು. ಮೂರನೆಯವನು ನಾನು!"

ಹದಿನಾಲ್ಕು ವರ್ಷದಿಂದ ಪ್ರಮೋಷನ್ ಮುಖ ಕಾಣದ ಗುಮಾಸ್ತರಿಗೆ ಕೊನೆಗೂ ಆಫೀಸರ್ ದರ್ಜೆಯದು ಏನೋ ಒಂದು ಸಿಕ್ಕಿತ್ತಲ್ಲ! ಎದುರು ಮನೆಯ ಡ್ರಾಯಿಂಗ್ ಮೇಷ್ಟರು ಪಾಕು ಬಾಯಿಗೆ ಹಾಕಿಕೊಂಡು "ಶುಭವಾಗಲಿ ರಾಯರೇ" ಎಂದರು. ಯಾವುದಕ್ಕೆ ಎಂದು ಕೇಳಲಿಲ್ಲ.

ಮಾವನಿಗೂ ಸಕ್ಕರೆಗೂ ಇದ್ದ ನಂಟು ಅಂಥಿಂಥದ್ದಲ್ಲ. ಅವರು ಪಾಕ ಪರೀಕ್ಷಕರು! ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಲ್ಲಿ ಮದುವೆಯಾದರೂ ಹಿಂದಿನ ದಿನ ಅಡಿಗೆ ಭಟ್ಟರು ಸೈಕಲ್ ಮೇಲೆ ಆಳು ಕಳಿಸುತ್ತಿದ್ದರು. ಮಾವ ಹೋಗಿ ಕೊಪ್ಪರಿಗೆಯ ಮುಂದೆ ನಿಂತು, ಸೌಟಿನ ತುದಿಯ ಪಾಕವನ್ನು ತೋರುಬೆರಳು–ಹೆಬ್ಬೆರಳಿನ ನಡುವೆ ಹಿಡಿದು, ಕಣ್ಣು ಕಿರಿದು ಮಾಡಿ ಎಳೆ ನೋಡುತ್ತಿದ್ದರು. "ಒಂದೆಳೆ ಬಂದಿದೆ. ಬೆಂಕಿ ತೆಗೀರಿ" ಎಂದರೆ ಬೆಂಕಿ ತೆಗೆಯಬೇಕು. ಮದುಮಗ ಬದಲಾದರೂ ಆಗಬಹುದು, ಪಾಕ ಬದಲಾಗುವ ಹಾಗಿಲ್ಲ. ನೋಡಿದ ಮೇಲೆ ಬೆರಳನ್ನು ಬಾಯಿಗೆ ಇಡುವುದು, ಆಮೇಲೆ ಒಂದು ತಟ್ಟೆ ಜಹಂಗೀರು, ಅದರ ರುಚಿ ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಇನ್ನೊಂದು ತಟ್ಟೆ! ಇಂಥವರಿಗೆ ಸಕ್ಕರೆ ಕಾಯಿಲೆ ಬರದೆ ಇನ್ಯಾರಿಗೆ ಬರಬೇಕು?

ಮಾರ್ಕೆಟ್ ರಸ್ತೆಯ ಡಾಕ್ಟರು ಮಾತು ಕಡಿಮೆಯ ಮನುಷ್ಯ. ಮಾವನ ಜೊತೆಗೆ ಅತ್ತೆಯೂ ನಾನೂ ಹೋಗಿದ್ದೆವು.

"ಏನೇನು ತಿನ್ನಬಾರ್ದು ಡಾಕ್ಟ್ರೇ?" ಎಂದು ಮಾವ ಕೇಳಿದರು.

"ನಿಮಗೆ ಏನೇನು ಇಷ್ಟ?"

ಮಾವ ಉತ್ಸಾಹದಿಂದ ಹೇಳುತ್ತಾ ಹೋದರು. ಚಿರೋಟಿಯಿಂದ ಶುರುವಾದದ್ದು ಬಾದೂಷಾಕ್ಕೆ ಬಂದು ನಿಲ್ಲುವಷ್ಟರಲ್ಲಿ ಡಾಕ್ಟರು ಮಾತ್ರೆ ಬರೆದು ಮುಗಿಸಿದ್ದರು. "ಈಗ ಹೇಳಿದ್ರಲ್ಲ, ಅವಷ್ಟೂ ಬೇಡ. ದಿನಾ ಬೆಳಿಗ್ಗೆ ಒಂದು ಗಂಟೆ ನಡೀಬೇಕು." ಆಮೇಲೆ ಕನ್ನಡಕ ತೆಗೆದು, ಮಾವನನ್ನಲ್ಲ, ಅತ್ತೆಯನ್ನು ನೋಡಿ, "ಅಮ್ಮಾ, ಇದನ್ನ ಹೀಗೇ ಬಿಟ್ಟರೆ ಕಣ್ಣಿಗೆ ಬರುತ್ತೆ. ಒಂದು ಸಲ ಕಣ್ಣು ಹೋದ್ರೆ ವಾಪಸ್ ತರೋದು ನನ್ನ ಕೈಲಾಗಲ್ಲ" ಎಂದರು.

ಮಾವ ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಬಾದೂಷಾದ ದುಃಖದಲ್ಲಿದ್ದರು. ಅತ್ತೆ ಕೇಳಿಸಿಕೊಂಡರು.

ಡಾಕ್ಟರು ಒಂದು ಬಾಟಲಿ ನೀಲಿ ದ್ರಾವಣವನ್ನೂ ಕೊಟ್ಟಿದ್ದರು. ಈಗಿನ ಹಾಗೆ ಬೆರಳು ಚುಚ್ಚಿದರೆ ಅಂಕಿ ಕಾಣುವ ಕಾಲ ಅದಲ್ಲ. ಒಂದು ಚಮಚ ನೀಲಿ ದ್ರಾವಣಕ್ಕೆ ಎಂಟು ತೊಟ್ಟು ಮೂತ್ರ ಹಾಕಿ, ಗಾಜಿನ ನಳಿಗೆಯಲ್ಲಿ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಈ ಕೆಲಸಕ್ಕೆ ಯಾರು? ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದ್ದೇ ನಾನು ಮಾಡಿದ ತಪ್ಪು! ಹಿತ್ತಲಿನ ಒಗೆಯುವ ಕಲ್ಲು ಪ್ರಯೋಗಶಾಲೆಯಾಯಿತು. ಬಿನ್ನಿಪೇಟೆಯ ಗಿರಣಿ ಬೆಳಗಿನ ಸೈರನ್ ಕೂಗಿತೆಂದರೆ ನಾನು ಸ್ಪಿರಿಟ್ ದೀಪ ಹಚ್ಚಬೇಕು. ಮಾವ ಹಳೆಯ ಟಾನಿಕ್ ಬಾಟಲಿಯನ್ನು ತುಂಬಿ ಬಚ್ಚಲಿನ ಕಿಟಕಿಯಲ್ಲಿಟ್ಟು ಸ್ನಾನಕ್ಕೆ ಇಳಿಯುವರು. ಅತ್ತೆ ಅದನ್ನು ತಂದು ನನ್ನ ಕೈಗೆ ಕೊಡುವರು. ಬಾಟಲಿಯ ಮೇಲೆ ಮಾವ ಚೀಟಿ ಅಂಟಿಸಿ ತಮ್ಮ ಹುದ್ದೆಯನ್ನೂ ಬರೆದಿದ್ದರು. ಬೇರೆ ಇಲಾಖೆಯವರದು ಬೆರೆತುಹೋದೀತು ಎಂಬ ಭಯವೇನೋ!

ಬಣ್ಣಗಳಿಗೆ ದರ್ಜೆ ಕೊಟ್ಟವರೂ ಮಾವನೇ. ನೀಲಿ ಫಸ್ಟ್ ಕ್ಲಾಸ್, ಹಸಿರು ಸೆಕೆಂಡ್ ಕ್ಲಾಸ್, ಹಳದಿ ಜಸ್ಟ್ ಪಾಸ್, ಉಳಿದದ್ದು ಫೇಲು. ನಾನು ಆಯಾ ದಿನದ ಬಣ್ಣವನ್ನು ಪೆನ್ಸಿಲಿನಲ್ಲಿ ಕ್ಯಾಲೆಂಡರಿನ ಚೌಕದೊಳಗೆ ತುಂಬಬೇಕು. ಸುದ್ದಿ ಬೀದಿಗೆಲ್ಲ ಹಬ್ಬಿ, ಹಾಲಿನವನು ಕೂಡ "ಇವತ್ತು ಏನ್ ಕಲರ್ ಸಾರ್?" ಎಂದು ಕೇಳಿಯೇ ಹಾಲು ಅಳೆಯುತ್ತಿದ್ದ.

ಏನ್ ಕಲರ್? ಕೆಂಪು! ಮೊದಲ ತಿಂಗಳಿಡೀ ಕ್ಯಾಲೆಂಡರು ಮೆಣಸಿನಕಾಯಿ ಒಣಹಾಕಿದಂತೆ ಕಾಣುತ್ತಿತ್ತು. ಕೆಂಪು ಬಂದ ದಿನ ಮಾವ ವಾಕಿಂಗ್‌ಗೆ ಹೋಗುತ್ತಿರಲಿಲ್ಲ. ಕಂಬಳಿ ಹೊದ್ದು ಮಲಗಿಬಿಡುತ್ತಿದ್ದರು.

"ನನ್ನ ಕಥೆ ಮುಗೀತು ಕಣೇ."

"ಎದ್ದು ನಡೀರಿ ಮಾವ, ನಡೆದ್ರೆ ತಾನೇ ಇಳಿಯೋದು?"

"ಫೇಲಾದೋನಿಗೆ ಯಾಕೆ ಸ್ಕೂಲು? ಹೋಗೋನು ಹೋಗ್ತೀನಿ, ಬಾಯಿ ಸಿಹಿ ಮಾಡ್ಕೊಂಡು ಹೋಗ್ತೀನಿ. ಒಂದಚ್ಚು ಬೆಲ್ಲ ಇದ್ರೆ ಕೊಡು."

ಅತ್ತೆ ಸಕ್ಕರೆ ಡಬ್ಬಕ್ಕೆ ಬೀಗ ಹಾಕಿದರು. ಮಾವ ದೇವರ ಮನೆಯಲ್ಲಿ ಹೆಚ್ಚು ಹೊತ್ತು ಕೂರತೊಡಗಿದರು. ಇಳಿವಯಸ್ಸಿಗೆ ಭಕ್ತಿ ಬಂತಲ್ಲ ಎಂದು ನಾವು ಸಂತೋಷಪಟ್ಟರೆ, ನೈವೇದ್ಯದ ಬಟ್ಟಲು ದಿನಾ ಖಾಲಿ! ಒಮ್ಮೆ ಅವರ ಕನ್ನಡಕದ ಡಬ್ಬಿ ತೆರೆದೆ. ಒಳಗೆ ಕಲ್ಲುಸಕ್ಕರೆ. ಕನ್ನಡಕ ಎಲ್ಲಿ ಎಂದು ಕೇಳಿದ್ದಕ್ಕೆ, "ಅದು ಜೇಬಲ್ಲಿದೆ. ಇದಕ್ಕೆ ಇರುವೆ ಬರುತ್ತೆ, ಕನ್ನಡಕಕ್ಕೆ ಬರುತ್ತಾ?" ಎಂದರು. ನಾನು ನಕ್ಕೆ. ಅತ್ತೆ ನಗಲಿಲ್ಲ. "ಕಣ್ಣಿದ್ರೆ ತಾನೇ ಕನ್ನಡಕ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಆಮೇಲೆ ಒಂದು ಬೆಳಿಗ್ಗೆ ಪವಾಡ ನಡೆಯಿತು. ದ್ರಾವಣ ಕುದಿಯಿತು, ಕುದಿಯಿತು, ಬಣ್ಣ ಬದಲಾಗಲೇ ಇಲ್ಲ. ಅಚ್ಚ ನೀಲಿ!

"ಮಾವಾ, ಫಸ್ಟ್ ಕ್ಲಾಸ್!"

ಮಾವ ಒದ್ದೆ ಮೈಯಲ್ಲೇ ಓಡಿ ಬಂದರು. ನಳಿಗೆಯನ್ನು ಆಕಾಶಕ್ಕೆ ಹಿಡಿದು ಎರಡು ನೀಲಿಯನ್ನೂ ಹೋಲಿಸಿ ನೋಡಿದರು. "ನೋಡಿದ್ಯೇನೇ? ಹೆದರಿಕೊಂಡು ಬಿಟ್ಟಿದೆ ಕಾಯಿಲೆ!" ಎಂದವರೇ ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಟರು. ಅತ್ತಿಗುಪ್ಪೆಯ ರಾಗಿ ಹೊಲದವರೆಗೆ ಹೋಗಿ ಬಂದರು. ಮಾರನೆಯ ದಿನವೂ ನೀಲಿ. ಅದರ ಮಾರನೆಯ ದಿನವೂ ನೀಲಿ. ವಾಕಿಂಗ್‌ಗೆ ಡ್ರಾಯಿಂಗ್ ಮೇಷ್ಟರನ್ನೂ ಜೊತೆಗೆ ಎಳೆದುಕೊಂಡರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಇಲ್ಲವೆನ್ನುವ ಧೈರ್ಯವೂ ಇರಲಿಲ್ಲ. ದಾರಿಯುದ್ದಕ್ಕೂ ಮಾವನ ಉಪನ್ಯಾಸ: "ಮನುಷ್ಯನಿಗೆ ಮನಸ್ಸು ಗಟ್ಟಿ ಇರಬೇಕು ಮೇಷ್ಟ್ರೇ. ನನ್ನ ನೋಡಿ!"

ನೋಡಬೇಕಾದ್ದೇ. ಆ ದಿನಗಳಲ್ಲೇ ಒಂದು ಮದುವೆಗೆ ಕರೆ ಬಂತು. ಮಾವ ಪಾಕ ನೋಡಿದರು, ಎಳೆ ಎಳೆದರು, "ಬೆಂಕಿ ತೆಗೀರಿ" ಎಂದರು. ಆಮೇಲೆ ಬೆರಳನ್ನು ಬಾಯಿಗಿಡದೆ ತಣ್ಣೀರಿನಲ್ಲಿ ತೊಳೆದುಕೊಂಡರು! ಅಡಿಗೆ ಭಟ್ಟರ ಕೈಯಿಂದ ಸೌಟು ಜಾರಿತಂತೆ. "ರಾಯರೇ, ಪಾಕ ಕೆಟ್ಟಿದೆಯಾ?" ಎಂದು ಅಳುಮುಖ ಮಾಡಿದರಂತೆ. ನೀಲಿಯ ಆಸೆ ಜಹಂಗೀರಿನ ಆಸೆಯನ್ನು ಗೆದ್ದಿತ್ತು. ಗಣೇಶನ ಹಬ್ಬದಲ್ಲಿ ತಮ್ಮ ಪಾಲಿನ ಕಡುಬನ್ನೂ ಮುಟ್ಟಲಿಲ್ಲ. ಆ ಕಡುಬುಗಳನ್ನು ಎಸೆಯಲು ಮನಸ್ಸು ಬಾರದೆ ಅತ್ತೆ ಮೂರು ದಿನ ತಾವೇ ತಿಂದು ಮುಗಿಸಿದರು.

ಹದಿನೆಂಟು ದಿನ ಹೀಗೆ ನಡೆಯಿತು. ಹತ್ತೊಂಬತ್ತನೆಯ ದಿನ ದ್ರಾವಣ ಕುದಿಯುತ್ತಿದ್ದಂತೆ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತಿದ್ದಂತೆ ಇಟ್ಟಿಗೆ ಕೆಂಪಾಗಿ ನಿಂತಿತು.

ಮಾವ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. "ನಾನು ಏನೂ ತಿಂದಿಲ್ಲ ಕಣೇ. ದೇವರಾಣೆ ಏನೂ ತಿಂದಿಲ್ಲ." ಆ ದನಿಯಲ್ಲಿ ನಾಟಕವಿರಲಿಲ್ಲ. "ಇಷ್ಟು ಮಾಡಿದ್ಮೇಲೂ ಹೀಗೇ ಆದ್ರೆ, ಇನ್ನು ನನ್ನ ಕೈಲಿ ಆಗಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ಬಿಳಿಚಿಕೊಂಡಿತ್ತು.

"ರೀ... ಅದು ನಿಮ್ದಲ್ಲ."

"ಮತ್ತೆ?"

"ನಂದು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾವ ಸ್ನಾನಕ್ಕೆ ಇಳಿದೊಡನೆ ಅತ್ತೆ ಅವರ ಬಾಟಲಿಯನ್ನು ಮೋರಿಗೆ ಚೆಲ್ಲಿ, ತೊಳೆದು, ತಮ್ಮದನ್ನು ತುಂಬಿ ನನಗೆ ತಂದು ಕೊಡುತ್ತಿದ್ದರು. ಹದಿನೆಂಟು ದಿನವೂ!

"ಕೆಂಪು ಬಂದ್ರೆ ನೀವು ಮಲಗಿಬಿಡ್ತೀರಿ. ನೀಲಿ ಬಂದ್ರೆ ನಡೀತೀರಿ. ಡಾಕ್ಟ್ರು ಕಣ್ಣು ಅಂದಿದ್ರಲ್ಲ..."

ಮಾವ ಬೈಯುತ್ತಾರೆಂದುಕೊಂಡೆ. ಅವರು ನಳಿಗೆಯ ಕೆಂಪನ್ನೇ ನೋಡುತ್ತಾ, "ಹಾಗಾದ್ರೆ ಈ ಕೆಂಪು... ನಿನಗೂ ಬಂತೇನೇ?" ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಈ ಸಲ ಮೈಸೂರು ಪಾಕು ಹಂಚುವ ಮಾತೇ ಇಲ್ಲ. ಅವತ್ತೇ ಅವರದನ್ನೂ ಹೊಸದಾಗಿ ಪರೀಕ್ಷೆ ಮಾಡಿದೆ. ಹಸಿರು! ಸುಳ್ಳು ನೀಲಿಯನ್ನು ನಂಬಿ ನಡೆದದ್ದಕ್ಕೆ ನಿಜವಾದ ಸೆಕೆಂಡ್ ಕ್ಲಾಸ್ ಬಂದಿತ್ತು. ಮಾವ ಅದನ್ನು ಸರಿಯಾಗಿ ನೋಡಲೂ ಇಲ್ಲ. "ಏಳು, ಚಪ್ಪಲಿ ಹಾಕ್ಕೋ" ಎಂದು ಅತ್ತೆಯನ್ನು ಮೊದಲು ಡಾಕ್ಟರ ಹತ್ತಿರ ಕರೆದೊಯ್ದರು. ಇಬ್ಬರ ಕಥೆಯನ್ನೂ ಕೇಳಿದ ಡಾಕ್ಟರು ನಕ್ಕರು, ಆಮೇಲೆ ಇಬ್ಬರಿಗೂ ಚೆನ್ನಾಗಿ ಬೈದರು.

ಅಂದಿನಿಂದ ಬಾಟಲಿ ಎರಡಾಯಿತು, ಕ್ಯಾಲೆಂಡರಿನ ಒಂದೊಂದು ಚೌಕದಲ್ಲಿ ಎರಡೆರಡು ಬಣ್ಣ. ಯಾವಾಗಲೂ ಅತ್ತೆಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ ಮಾವ ಈಗ ಅವರ ಪಕ್ಕದಲ್ಲಿ ನಿಧಾನವಾಗಿ ಅತ್ತಿಗುಪ್ಪೆಗೆ ಹೋಗಿ ಬರುತ್ತಿದ್ದರು. ಮೇಷ್ಟರಿಗೆ ಬಿಡುಗಡೆ ಸಿಕ್ಕಿತು. ಆದರೆ ಅತ್ತೆಯ ಕೆಂಪು ಬೇಗ ಇಳಿಯಲಿಲ್ಲ. ಒಂದು ಸಂಜೆ ಅವರು ಅಡಿಗೆಮನೆಯ ಮಣೆಯ ಮೇಲೆ ಕೂತು, "ನನಗೆ ಸಾಕಾಯ್ತು. ನಾಳೆಯಿಂದ ನಾನು ಬರಲ್ಲ, ನೀವೊಬ್ಬರೇ ಹೋಗಿ" ಎಂದುಬಿಟ್ಟರು.

ಮಾರನೆಯ ಬೆಳಿಗ್ಗೆ ಗಿರಣಿಯ ಸೈರನ್ ಆಗಿತ್ತು. ಅತ್ತೆ ಇನ್ನೂ ಎದ್ದಿರಲಿಲ್ಲ. ಮಾವ ಬೆಕ್ಕಿನ ಹೆಜ್ಜೆಯಲ್ಲಿ ಹಿತ್ತಲಿಗೆ ಬಂದು ಒಂದು ಬಾಟಲಿಯನ್ನು ನನ್ನ ಕೈಗಿಟ್ಟರು. ಅದರ ಮೇಲೆ ಅತ್ತೆಯ ಹೆಸರಿನ ಚೀಟಿ ಇತ್ತು.

"ಮಾವಾ, ಇದು ನಿಮ್ದು!"

"ಷ್! ಒಂದೇ ಒಂದು ದಿನ ಕಣೇ, ಡಾಕ್ಟರಿಗೆ ನಾನೇ ಹೇಳ್ತೀನಿ. ಅವಳು ನನಗೆ ಹದಿನೆಂಟು ದಿನ ಕೊಟ್ಟಿದಾಳೆ. ನಾನು ಒಂದು ದಿನ ಕೊಡಬಾರ್ದಾ?"

ನಾನು ದೀಪ ಹಚ್ಚಿದೆ. ಮಾವನದು ಅಲ್ಲಿಯವರೆಗೆ ಹಸಿರು ದಾಟಿ ನೀಲಿಗೆ ಬಂದದ್ದೇ ಇಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ದ್ರಾವಣ ಕುದಿಯಿತು, ಕುದಿಯಿತು, ನೀಲಿಯಾಗಿಯೇ ಉಳಿಯಿತು. ಅವರ ಜೀವನದ ಮೊದಲ ನಿಜವಾದ ಫಸ್ಟ್ ಕ್ಲಾಸ್! ನಾನು ಬಾಯಿ ತೆರೆಯುವ ಮೊದಲೇ ಮಾವ ನಳಿಗೆಯನ್ನು ಕಿತ್ತುಕೊಂಡು ಮನೆಯೊಳಗೆ ಓಡಿದರು.

"ಲೇ, ಏಳೇ, ನೋಡೇ ಇಲ್ಲಿ! ನಿಂದು ನೀಲಿ ಬಂದಿದೆ!"